ತೆಂಕಬದಿಯ ಎರಡು ಸಾಲಿನ ಬಿಸಿಲು

ಡಿಸೆಂಬರ್ ತಿಂಗಳ ಎರಡನೆಯ ಶನಿವಾರ. ಬೆಳಿಗ್ಗೆ ಏಳು ಗಂಟೆ ಐವತ್ತು ನಿಮಿಷ. ಸ್ಥಳ, ಮಾವಳ್ಳಿಯ ಕಡಲ ಬದಿಯಲ್ಲಿ ನಮ್ಮ ಕೇರಿಯ ಹೆಂಗಸರು ಮೀನು ಒಣಗಿಸುವ ಮರಳಿನ ಅಂಗಳ. ಹಾಜರಿದ್ದವರು ನಾನು, ನನಗಿಂತ ಎಂಟು ವರ್ಷ ದೊಡ್ಡವಳಾದ ಅಕ್ಕ, ಅವಳ ಸಾಲಿನಲ್ಲೇ ಚಾಪೆ ಹಾಸುತ್ತಿದ್ದ ಇನ್ನಿಬ್ಬರು ಹೆಂಗಸರು.

ಆ ಹೊತ್ತಿಗೆ ನಾನು ಅಲ್ಲಿರುವುದು ವಿಶೇಷವಲ್ಲ. ಐದಕ್ಕೆ ಏಳುತ್ತೇನೆ, ಆರೂವರೆಗೆ ನಡಿಗೆ, ಏಳೂ ಮುಕ್ಕಾಲಿಗೆ ಅಕ್ಕನ ಹತ್ತಿರ ಐದು ನಿಮಿಷ, ಎಂಟಕ್ಕೆ ಮನೆಯಲ್ಲಿ ತಿಂಡಿ. ಬಯಲುಸೀಮೆಯ ಒಂದು ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ ಮೂವತ್ತನಾಲ್ಕು ವರ್ಷ ಬಾಯ್ಲರಿನ ಪಾಳಿಯಲ್ಲಿದ್ದೆ. ಗಂಟೆಗೊಮ್ಮೆ ಮೀಟರುಗಳನ್ನು ನೋಡಿ ಲಾಗ್ ಪುಸ್ತಕದಲ್ಲಿ ಬರೆಯಬೇಕಿತ್ತು. ಬರೆಯದ ಗಂಟೆಗೆ ಮೇಲಿನವರ ಮುಂದೆ ನಿಂತು ಉತ್ತರ ಕೊಡಬೇಕಿತ್ತು. ನಿವೃತ್ತನಾಗಿ ಊರಿಗೆ ಬಂದು ಹನ್ನೆರಡು ವರ್ಷವಾದರೂ ಆ ಅಭ್ಯಾಸ ನನ್ನನ್ನು ಬಿಟ್ಟಿಲ್ಲ.

ಅಂದು ಐದು ನಿಮಿಷಕ್ಕೆ ಅಲ್ಲಿಂದ ಹೊರಡಲು ಆಗಲಿಲ್ಲ.

ಅಂಗಳದ ದಕ್ಷಿಣ ಅಂಚಿನಲ್ಲಿ, ಕೇದಿಗೆ ಹಿಂಡಿನ ಪಕ್ಕದ ಖಾಲಿ ಜಾಗದಲ್ಲಿ, ಹಿಂದಿನ ದಿನ ಸಂಜೆ ಕೆಲಸದವರು ನಾಲ್ಕು ಬಿದಿರಿನ ಗಳ ನೆಟ್ಟು ಹೋಗಿದ್ದರು. ಒಂದೊಂದೂ ಹದಿನೈದು ಅಡಿ. ನಮ್ಮ ಮೀನುಗಾರರ ಸಂಘದ ಮಂಜುಗಡ್ಡೆ ಕಾರ್ಖಾನೆಗೆ ಕರೆಂಟ್ ಕೊಡಲು ಅಲ್ಲಿ ಸೋಲಾರ್ ಚಪ್ಪರ ಬರಲಿತ್ತು. ಕಡಲು ಉಕ್ಕಿದರೂ ನೀರು ತಾಗದಂತೆ, ಅಡಿಯಲ್ಲಿ ಬಲೆ ಇಡಲು ಆಗುವಂತೆ, ಎತ್ತರದ ಕಬ್ಬಿಣದ ಕಂಬಗಳ ಮೇಲೆ ಪ್ಯಾನೆಲ್ಲುಗಳನ್ನು ಕೂರಿಸುವ ಯೋಜನೆ. ಗಳಗಳು ಅದರ ಹಿಂಬದಿಯ ಎತ್ತರವನ್ನು ತೋರಿಸುತ್ತಿದ್ದವು.

ಅವುಗಳ ನೆರಳು ವಾಯವ್ಯಕ್ಕೆ ಉದ್ದಕ್ಕೆ ಮಲಗಿತ್ತು. ಅಕ್ಕನ ಚಾಪೆಯನ್ನು ದಾಟಿ, ಅದರಾಚೆಯ ಸಾಲನ್ನೂ ದಾಟಿತ್ತು. ಗಳದ ನೆರಳು ಎರಡು ಬೆರಳಿನಷ್ಟು ದಪ್ಪ, ಅದರಿಂದ ಯಾರಿಗೂ ತೊಂದರೆಯಿಲ್ಲ. ಆದರೆ ಅಲ್ಲಿ ಬರಲಿದ್ದದ್ದು ಎಂಬತ್ತು ಅಡಿ ಉದ್ದದ ಚಪ್ಪರ.

ನಾನು ಬರೆದು ಸಹಿ ಹಾಕಿದ ವರದಿಯ ಪ್ರಕಾರ ಆ ನೆರಳು ಅಲ್ಲಿ ಬೀಳುವಂತೆಯೇ ಇರಲಿಲ್ಲ.

ಏಪ್ರಿಲ್ ಕೊನೆಯ ವಾರದಲ್ಲಿ ಸಂಘದವರು ಜಾಗದ ವರದಿ ಕೇಳಿದ್ದರು. ಮಳೆಗಾಲಕ್ಕೆ ಮೊದಲು ಕೊಡಬೇಕಿತ್ತು. ಅಳತೆ ಎಂದರೆ ನಾನೇ ಎಂದು ಎಲ್ಲರೂ ಒಪ್ಪಿದರು, ನಾನೂ ಒಪ್ಪಿದೆ. ಅದೇ ಜಾಗದಲ್ಲಿ ಅಷ್ಟೇ ಎತ್ತರದ ಗಳ ನೆಟ್ಟು, ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಗಂಟೆಗೊಮ್ಮೆ ನೆರಳನ್ನು ಟೇಪು ಹಿಡಿದು ಅಳೆದೆ. ಬೆಳಿಗ್ಗೆ ನೆರಳು ಪಶ್ಚಿಮಕ್ಕೆ ಚಾಚಿ ತುಸು ದಕ್ಷಿಣಕ್ಕೇ ವಾಲಿತ್ತು. ನಡು ಮಧ್ಯಾಹ್ನ ಗಳದ ಬುಡ ಬಿಟ್ಟು ಕದಲಲಿಲ್ಲ. ಸಂಜೆ ಪೂರ್ವಕ್ಕೆ ಹೋಯಿತು. ಹತ್ತು ಗಂಟೆಗಳ ಹತ್ತು ಸಾಲು ಬರೆದು, ಕೆಳಗೆ 'ಉತ್ತರ ದಿಕ್ಕಿಗೆ, ಅಂದರೆ ಮೀನು ಒಣಗಿಸುವ ಕಡೆಗೆ, ನೆರಳು ಇಲ್ಲ' ಎಂದು ಸಹಿ ಹಾಕಿದೆ. ಬಾಯ್ಲರಿನ ಉಗಿಯ ಒತ್ತಡ ಏಪ್ರಿಲ್ ತಿಂಗಳಿಗೊಂದು, ಡಿಸೆಂಬರ್ ತಿಂಗಳಿಗೊಂದು ಎಂದು ಇರುವುದಿಲ್ಲ. ಒಂದು ಪಾಳಿ ಪೂರ್ತಿ ಬರೆದರೆ ಯಂತ್ರದ ನಡತೆ ತಿಳಿಯಿತು ಎಂಬುದು ನನ್ನ ವಿದ್ಯೆ. ಸೂರ್ಯನಿಗೂ ಅದನ್ನೇ ಅನ್ವಯಿಸಿದ್ದೆ.

"ತಮಾ, ಎಂತ ನೆರಳು ನೋಡ್ಕಂಡು ನಿಂತ್ಕಂಡೆ?" ಎಂದಳು ಅಕ್ಕ. "ಬದಿಗೆ ಸರಿ, ಬುಟ್ಟಿ ತರೂದದೆ."

"ಈ ನೆರಳು ಚಳಿಗಾಲದಾಗೆ ಈ ಕಡೆ ಬೀಳ್ತದಾ?"

ಅವಳು ಸೊಂಟದ ಮೇಲಿನ ಬುಟ್ಟಿಯನ್ನು ಇಳಿಸಿ ನನ್ನನ್ನು ನೋಡಿದಳು. "ಸೂರ್ಯ ತೆಂಕಬದಿಗೆ ವಾಲಿದ ಮೇಲೆ ನೆರಳು ಬಡಗಬದಿಗೆ ಬೀಳದೆ ಎಲ್ಲಿ ಹೋಗ್ತದೆ? ಇಷ್ಟು ವರ್ಷ ಕರೆಂಟ್ ಮಾಡ್ದೆ ಅಂತೆ, ಇದು ಗೊತ್ತಿಲ್ವಾ?"

"ಏಪ್ರಿಲ್‌ನಲ್ಲಿ ಈ ಕಡೆ ಇರ್ಲಿಲ್ಲ."

"ಏಪ್ರಿಲ್‌ನಾಗೆ ನೀ ಟೇಪು ಹಿಡ್ಕಂಡು ಓಡಾಡಿದ್ದು ಇದಕ್ಕಾ? ನಾನು ಗೋಡೆ ಕಟ್ಟೂಕೆ ಅಂದ್ಕಂಡಿದ್ದೆ. ಎಂತಕ್ಕೆ ಅಂತ ಕೇಳಿದ್ರೆ 'ಸಂಘದ ಕೆಲಸ' ಅಂದೆ. ನೀ ಬಾಯಿ ಬಿಟ್ಟು ಕೇಳಿದ್ರೆ ನಾ ಅವತ್ತೇ ಹೇಳ್ತಿದ್ದೆ."

ಪಕ್ಕದ ಹೆಂಗಸು ಚಾಪೆಯ ಮೇಲೆ ಶೆಟ್ಲಿ, ಅಂದರೆ ಸಣ್ಣ ಸಿಗಡಿ, ಹರಡುತ್ತಾ ನಕ್ಕಳು. ಅಕ್ಕ ನಗಲಿಲ್ಲ. ಗಳಗಳನ್ನು ಒಂದೊಂದಾಗಿ ನೋಡಿದಳು. ಮತ್ತೆ ತನ್ನ ಚಾಪೆಯನ್ನು ನೋಡಿದಳು. ಅವಳಿಗೆ ಲೆಕ್ಕ ತಿಳಿಯಲು ಟೇಪು ಬೇಕಾಗಲಿಲ್ಲ.

"ಚಪ್ಪರ ಆದ್ರೆ ನಂಗೆ ಮಧ್ಯಾಹ್ನದ ಬಿಸಿಲೂ ಇಲ್ಲ," ಎಂದಳು. "ಆಚೆ ಸಾಲಿನವರಿಗೆ ಬೆಳಿಗ್ಗೆದು ಇಲ್ಲ. ಶೆಟ್ಲಿ ಅರ್ಧ ದಿವಸ ನೆರಳಲ್ಲಿ ಬಿದ್ರೆ ಮೆತ್ತಗಾಗ್ತದೆ, ಮರುದಿವಸ ವಾಸನೆ. ಯಾರು ತಕಂತಾರೆ?"

ನಮ್ಮ ಅಂಗಳದಲ್ಲಿ ಆರು ಸಾಲು. ಯಾವ ಮನೆಗೆ ಯಾವ ಸಾಲು ಎಂಬುದಕ್ಕೆ ಕಾಗದವಿಲ್ಲ. ದೋಣಿಯಿರುವ ಮನೆಯವರು ರಸ್ತೆಗೆ ಹತ್ತಿರದ ಉತ್ತರದ ಸಾಲುಗಳಲ್ಲಿ ಒಣಗಿಸುತ್ತಾರೆ. ದೋಣಿಯಿಲ್ಲದ ಮನೆಯವರಿಗೆ, ಹೆಚ್ಚಾಗಿ ವಿಧವೆಯರಿಗೆ, ದಕ್ಷಿಣದ ಎರಡು ಸಾಲು. ಅಲ್ಲಿಗೆ ಬುಟ್ಟಿ ಹೊತ್ತು ದೂರ ನಡೆಯಬೇಕು, ಆದ್ದರಿಂದ ಉಳಿದದ್ದನ್ನು ಇವರಿಗೆ ಕೊಟ್ಟಿದ್ದಾರೆ ಎಂದು ನಾನು ಚಿಕ್ಕಂದಿನಿಂದ ತಿಳಿದಿದ್ದೆ. ಅಂದು ಬೆಳಿಗ್ಗೆ ಅಕ್ಕ ಹೇಳಿದ ಮೇಲೆ ನಿಜ ತಿಳಿಯಿತು. ಹರಾಜಿನಲ್ಲಿ ದೋಣಿಯವರ ಮನೆಗೆ ಮೀನು ಮೊದಲು ಹೋಗುತ್ತದೆ. ಇವರಿಗೆ ಸಿಗುವುದು ಕೊನೆಗೆ. ತಡವಾಗಿ ಹಾಸಿದ ಮೀನು ಅದೇ ದಿನ ಒಣಗಬೇಕಾದರೆ, ಬಿಸಿಲು ಎಲ್ಲಿಯೂ ತಡೆಯದೆ ಬರುವ ಜಾಗ ಬೇಕು. ದಕ್ಷಿಣಕ್ಕೆ ಗೋಡೆಯಿಲ್ಲ, ತೆಂಗಿಲ್ಲ, ಕೇದಿಗೆ ಹಿಂಡು ಕುಳ್ಳು. ಹಿಂದಿನ ಯಾವುದೋ ಕಾಲದ ಹೆಂಗಸರು ಯೋಚಿಸಿಯೇ ಆ ಎರಡು ಸಾಲನ್ನು ಇವರಿಗೆ ಬಿಟ್ಟಿದ್ದರು.

ಆ ಎರಡು ಸಾಲಿನಲ್ಲಿ ಹನ್ನೊಂದು ಹೆಂಗಸರು. ಭಾವ ತೀರಿಕೊಂಡಾಗಿನಿಂದ ಅಕ್ಕ ಅವರಲ್ಲಿ ಒಬ್ಬಳು. ಹತ್ತೂವರೆಗೆ ಸಂಘದ ಸಭೆ. ಸೋಲಾರ್ ಕಂಪನಿಯಿಂದ ಇಂಜಿನಿಯರ್ ಬರುವವರಿದ್ದರು. ಅಂದು ಸಹಿಯಾದರೆ ಸಹಾಯಧನದ ಅರ್ಜಿ ಅಂದೇ ಹೋಗುವುದು.

ಎಂಟಕ್ಕೆ ತಿಂಡಿ ತಿನ್ನಲಿಲ್ಲ. ಹೆಂಡತಿ ತಟ್ಟೆ ಇಟ್ಟು ಎರಡು ಸಲ ಕರೆದಳು. ವಿಷಯ ಹೇಳಿದೆ. ಅವಳು, "ಕ್ವಾರ್ಟರ್ಸಿನ ಹಪ್ಪಳ ನೆನಪದೆಯಾ?" ಎಂದು ಕೇಳಿದಳು.

ನೆನಪಿತ್ತು. ಸ್ಥಾವರದ ವಸತಿಯಲ್ಲಿ ನಾವಿದ್ದಷ್ಟು ವರ್ಷವೂ ಅವಳು ಅಂಗಳದಲ್ಲಿ ಏನನ್ನೂ ನೆಮ್ಮದಿಯಿಂದ ಒಣಗಿಸಿದವಳಲ್ಲ. ಗಾಳಿ ಚಿಮಣಿಯ ಕಡೆಯಿಂದ ತಿರುಗಿದರೆ ಹಪ್ಪಳದ ಮೇಲೆ ಬೂದಿ. ಬಟ್ಟೆಯ ಮೇಲೆ ಬೂದಿ, ಮಲ್ಲಿಗೆ ಗಿಡದ ಎಲೆಯ ಮೇಲೆ ಬೂದಿ. ಪಾಳಿ ಮುಗಿಸಿ ಬಂದ ನಾನು ಮೂಗು ತೊಳೆದರೆ ಕಪ್ಪು ನೀರು. ನನ್ನ ಜೊತೆಗೆ ಕಲ್ಲಿದ್ದಲು ಪುಡಿ ಮಾಡುವ ಗಿರಣಿಯಲ್ಲಿದ್ದವನು ನಿವೃತ್ತಿಯಾದ ಎರಡನೆಯ ವರ್ಷವೇ ಎದೆರೋಗದಲ್ಲಿ ಹೋದ. ಊರಿಗೆ ಬಂದ ಮೇಲೆ ಸಂಘದಲ್ಲಿ ಸೋಲಾರ್ ಮಾತನ್ನು ಎತ್ತಿದವನೇ ನಾನು. ಎರಡು ವರ್ಷ ಅದರ ಹಿಂದೆ ಬಿದ್ದಿದ್ದೆ. ಈಗ ಅದನ್ನು ನಿಲ್ಲಿಸಬೇಕಾದವನೂ ನಾನೇ ಎಂದರೆ ತಿಂಡಿ ಒಳಗೆ ಇಳಿಯುವುದಾದರೂ ಹೇಗೆ?

ಹತ್ತು ಗಂಟೆ ಹತ್ತು ನಿಮಿಷಕ್ಕೆ ಹರಾಜು ಕಟ್ಟೆಯ, ಅಂದರೆ ಮೀನು ಹರಾಜು ಹಾಕುವ ತಾರಸಿ ಕಟ್ಟಡದ, ಮೆಟ್ಟಿಲ ಮೇಲೆ ಸಂಘದ ಅಧ್ಯಕ್ಷನನ್ನು ಹಿಡಿದೆ. ಎರಡು ದೋಣಿಯ ಯಜಮಾನ. ನನಗಿಂತ ಹತ್ತು ವರ್ಷ ಚಿಕ್ಕವನು, ಅಣ್ಣ ಎಂದು ಕರೆಯುತ್ತಾನೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವನು ಸುತ್ತ ನೋಡಿ ಸ್ವರ ತಗ್ಗಿಸಿದ. "ಬೇರೆ ಯಾರಿಗೆ ಹೇಳಿದ್ರಿ?"

"ಅಕ್ಕನಿಗೆ ಗೊತ್ತದೆ."

"ಇವತ್ತು ಐದು ಗಂಟೆ ಒಳಗೆ ಅರ್ಜಿ ಹೋಗ್ಬೇಕು. ಹೋಗದಿದ್ರೆ ಸರ್ಕಾರದ ಸಹಾಯಧನ ನಮ್ಮನ್ನ ಬಿಟ್ಟು ಜಾಲಿ ಬದಿಯ ಸಂಘಕ್ಕೆ ಹೋಗ್ತದೆ. ಅವರು ಬಾಯಿ ಕಳ್ದು ಕೂತಿದ್ದಾರೆ. ಅಣ್ಣ, ಇವತ್ತೊಂದು ದಿವಸ ಸುಮ್ಮನಿರಿ. ಚಪ್ಪರ ಆಗ್ಲಿ. ಆಮೇಲೆ ಆ ಹೆಂಗಸರಿಗೆ ಎಲ್ಲಾದ್ರೂ ಜಾಗ ಮಾಡುವ."

"ಎಲ್ಲಿ?"

"ಮಾಡುವ ಅಂದ್ನಲ್ಲ."

ಒಳಗೆ ಹೋದೆವು. ಕಾರ್ಯಕಾರಿ ಸಮಿತಿಯ ಒಂಬತ್ತು ಜನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ. ಹೆಂಗಸರು ಯಾರೂ ಇಲ್ಲ, ಯಾವತ್ತೂ ಇರುವುದಿಲ್ಲ. ಇಂಜಿನಿಯರ್ ಹುಬ್ಬಳ್ಳಿ ಕಡೆಯ ಮೂವತ್ತರ ಒಳಗಿನ ಹೆಣ್ಣುಮಗಳು, ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಗೋಡೆಗೆ ಒರಗಿ ನಿಂತವನು ಮಂಜುಗಡ್ಡೆ ಕಾರ್ಖಾನೆಯ ಆಪರೇಟರ್. ನಲವತ್ತೈದರ ಗಟ್ಟಿ ಆಳು, ಮೊದಲಿನಿಂದಲೂ ಈ ಯೋಜನೆಗೆ ಎದುರು. ಅವನಿಗೆ ಸಮಿತಿಯಲ್ಲಿ ಕುರ್ಚಿಯಿಲ್ಲ, ಮಾತಿಗೆ ಕೊರತೆಯೂ ಇಲ್ಲ.

"ಬಿಸಿಲಿಂದ ಮಂಜುಗಡ್ಡೆ. ಕೇಳೂಕೆ ಚಂದ," ಎಂದು ಅವನೇ ಶುರುಮಾಡಿದ. "ಮಂಜುಗಡ್ಡೆ ಕಟ್ಟೂದು ಸಂಜೆಯಿಂದ ಬೆಳಗಿನ ತನಕ. ಆಗ ಸೂರ್ಯ ಎಲ್ಲಿರ್ತಾನೆ?"

"ಹಗಲ ನಿಮ್ಮ ಕರೆಂಟ್ ಲೈನಿಗೆ ಹೋಗ್ತದ್ರಿ. ರಾತ್ರಿ ಲೈನಿನಿಂದ ನೀವು ವಾಪಸ್ ತಗೋತೀರಿ," ಎಂದಳು ಇಂಜಿನಿಯರ್.

"ಲೈನೇ ಸತ್ರೆ?"

"ಲೈನ್ ಹೋದ್ರ ಇದೂ ಬಂದ್ ಆಗ್ತದ್ರಿ. ಅದಕ್ಕ ನಿಮ್ಮ ಜನರೇಟರ್ ಬೇಕ."

"ಕೇಳ್ಕಂಡ್ರಾ?" ಅವನು ಎಲ್ಲರತ್ತ ತಿರುಗಿದ. "ಹಾಗಾದ್ರೆ ನಂಗೆ ಡೀಸೆಲ್ ವಾಸನೆ ತಪ್ಪಲಿಲ್ಲ."

ಹಿರಿಯ ಸದಸ್ಯರೊಬ್ಬರು ಗಾಳಿಯಂತ್ರದ ಮಾತು ತೆಗೆದರು. ಕಡಲ ಗಾಳಿಗೆ ಬರವೇ? ಇಂಜಿನಿಯರ್ ಅದಕ್ಕೆ ಉತ್ತರ ಕೊಟ್ಟಳು. ಮಳೆಗಾಲ ಬಿಟ್ಟರೆ ಇಲ್ಲಿಯ ಗಾಳಿ ಒಂದೇ ಸಮನೆ ಇರುವುದಿಲ್ಲ, ಉಪ್ಪುಗಾಳಿಗೆ ಸಣ್ಣ ಯಂತ್ರ ಬಾಳುವುದೂ ಇಲ್ಲ. ಇನ್ನೊಬ್ಬರು ಘಟ್ಟದ ಹೊಳೆಯ ನೀರಿನ ಮಾತು ಎತ್ತಿದರು. ಮತ್ತೊಬ್ಬರು ಅವರನ್ನು ಅರ್ಧಕ್ಕೇ ತಡೆದು, ಮೇಲೆ ನೀರು ಹಿಡಿದಷ್ಟೂ ಕೆಳಗೆ ಹೊಳೆಬಾಯಿಯಲ್ಲಿ ಉಪ್ಪು ಏರುತ್ತದೆ, ಚಿಪ್ಪಿ ಹೆಕ್ಕುವವರನ್ನು ಹೋಗಿ ಕೇಳಿ ಎಂದರು.

"ನಮ್ಮ ಜಿಲ್ಲೆಯಾಗೆ ನೀರಿಂದ ಕರೆಂಟ್ ಆಗ್ತದೆ, ಅಣುವಿಂದ ಆಗ್ತದೆ," ಎಂದ ಆಪರೇಟರ್. "ನಮ್ಮ ಕೇರಿಗೆ ಬರೂದು ಬರೀ ಕರೆಂಟ್ ಹೋದ ಸುದ್ದಿ."

ಎಲ್ಲರೂ ನಕ್ಕರು. ನಾನು ನಗಲಿಲ್ಲವೆಂಬುದನ್ನು ಅವನು ಗಮನಿಸಿದ.

"ಎಂತ ಮಾವ, ಇವತ್ತು ಕಲ್ಲಿದ್ದಲ ಪಾಠ ಇಲ್ವಾ? ಪ್ರತಿ ಸಭೆಯಾಗೂ ಬೂದಿ, ಹೊಗೆ, ಚಿಮಣಿ. ಮೂವತ್ತನಾಲ್ಕು ವರ್ಷ ನೀವೇ ಸುಟ್ಟಾತು. ಪಿಂಚಣಿನೂ ಅದರದ್ದೇ. ಈಗ ನಾವು ಮಾತ್ರ ಸೂರ್ಯನ್ನ ನಂಬ್ಕಂಡು ಕೂರ್ಬೇಕು."

ಬೇರೆ ದಿನವಾಗಿದ್ದರೆ ಇದಕ್ಕೆ ನನ್ನ ಹತ್ತಿರ ಉತ್ತರವಿತ್ತು. ಸುಟ್ಟವನಿಗೇ ಅದರ ಬೂದಿ ಎಷ್ಟೆಂದು ಗೊತ್ತು ಎನ್ನುತ್ತಿದ್ದೆ. ರೈಲುಗಟ್ಟಲೆ ಕಲ್ಲಿದ್ದಲು ದೂರದಿಂದ ಬಂದು, ಮಳೆಗಾಲದಲ್ಲಿ ಒದ್ದೆಯಾಗಿ, ಉರಿಯದೆ ಸತಾಯಿಸುವುದನ್ನು ವಿವರಿಸುತ್ತಿದ್ದೆ. ಅಧ್ಯಕ್ಷ ನನ್ನತ್ತ ಒಮ್ಮೆ ನೋಡಿ, ಗಡಿಯಾರ ನೋಡಿ, "ಚರ್ಚೆ ಸಾಕು, ಸಹಿ ಕೆಲಸ ಮುಗಿಸುವ" ಎಂದ.

ಒಬ್ಬೊಬ್ಬರಾಗಿ ಸಹಿ ಹಾಕಿದರು. ಹನ್ನೊಂದು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಕಾಗದ ನನ್ನ ಮುಂದೆ ಬಂತು. ಇಂಜಿನಿಯರ್ ಬೆರಳಿಟ್ಟು ತೋರಿಸಿದಳು. "ಅಜ್ಜಾರ, ಇಲ್ಲೊಂದು ನಿಮ್ಮ ಸಹಿ ಬೇಕ್ರಿ. ಜಾಗದ ಅಳತೆ ನಿಮ್ದ ಅಂತ ಐತಿ."

ಅಚ್ಚಾದ ಸಾಲು ಓದಿದೆ. ಈ ಸ್ಥಾಪನೆಯಿಂದ ಅಕ್ಕಪಕ್ಕದ ಜಾಗವನ್ನು ಬಳಸುವವರಿಗೆ ವರ್ಷದ ಯಾವ ಕಾಲದಲ್ಲೂ ತೊಂದರೆಯಿಲ್ಲವೆಂದು ಸ್ಥಳದ ಅಳತೆಯಿಂದ ದೃಢಪಡಿಸಲಾಗಿದೆ. ವರ್ಷದ ಯಾವ ಕಾಲದಲ್ಲೂ. ಪೆನ್ನಿನ ಮುಚ್ಚಳ ತೆಗೆದಿದ್ದೆ. ಸಹಿ ಹಾಕುವುದು ಸುಲಭವಿತ್ತು ಎಂಬುದನ್ನು ಇಲ್ಲಿ ಬರೆಯಲೇಬೇಕು. ಎರಡು ವರ್ಷದ ಕೆಲಸ ಕೈಗೂಡುತ್ತಿತ್ತು. ನನ್ನ ತಪ್ಪು ಯಾರಿಗೂ ಕಾಣುತ್ತಿರಲಿಲ್ಲ, ಹನ್ನೊಂದು ಹೆಂಗಸರಿಗೆ ಬಿಟ್ಟು.

ಮುಚ್ಚಳ ಹಾಕಿದೆ. "ಏಪ್ರಿಲ್ ತಿಂಗಳ ನನ್ನ ವರದಿ ತಪ್ಪು," ಎಂದೆ. "ಆಗ ಸೂರ್ಯ ನೆತ್ತಿಯ ಮೇಲಿದ್ದ. ಮೀನು ಒಣಗಿಸುವ ಕಾಲದಲ್ಲಿ ದಕ್ಷಿಣಕ್ಕಿರ್ತಾನೆ. ಚಪ್ಪರದ ನೆರಳು ಹೆಂಗಸರ ಎರಡು ಸಾಲಿನ ಮೇಲೆ ಬೀಳ್ತದೆ. ನಾನು ಸಹಿ ಹಾಕೂದಿಲ್ಲ."

ಎಲ್ಲರೂ ಒಟ್ಟಿಗೆ ಮಾತಾಡಿದರು. ಎಂಟು ತಿಂಗಳು ಎಂತ ಮಾಡ್ತಿದ್ರಿ ಎಂದು ಒಬ್ಬರು. ಹಣ್ಣಾದ ಮೇಲೆ ಕೆಲಸ ಒಪ್ಪಿಕೊಳ್ಳಬಾರದು ಎಂದು ಇನ್ನೊಬ್ಬರು, ನನಗೆ ಕೇಳುವಷ್ಟು ಮೆಲ್ಲಗೆ. ಅಧ್ಯಕ್ಷ ಮಾತ್ರ ಕಾಗದಗಳನ್ನು ಒಟ್ಟುಮಾಡಿ ಮೇಜಿಗೆ ಕುಟ್ಟಿ ಸರಿಮಾಡಿದ. ಅವನ ಕಿವಿ ಕೆಂಪಾಗಿತ್ತು.

"ನಿಮ್ಮ ಕಂಪ್ಯೂಟರಿನಾಗೆ ಇದು ಕಾಣ್ಲಿಲ್ವಾ?" ಎಂದು ಅವನು ಇಂಜಿನಿಯರನ್ನು ಕೇಳಿದ.

ಅವಳು ಪರದೆಯನ್ನು ನಮ್ಮತ್ತ ತಿರುಗಿಸಿದಳು. "ಪ್ಯಾನೆಲ್ ಮ್ಯಾಲೆ ಬೇರೆದರ ನೆರಳು ಬೀಳ್ತದೇನು ಅಂತ ವರ್ಷಪೂರ್ತಿದು ನೋಡ್ತೀವ್ರಿ. ಪ್ಯಾನೆಲ್‌ದ ನೆರಳು ಯಾರ ಮ್ಯಾಲೆ ಬೀಳ್ತದ ಅಂತ ಯಾರೂ ಕೇಳಂಗಿಲ್ರಿ. ನಾನೂ ನೋಡಿಲ್ಲ." ಹಾಗೆ ಹೇಳಿ ಅವಳೇ ಎದ್ದಳು. "ಹೊರಗ ಹೋಗಿ ನೋಡೂಣ ಬರ್ರಿ."

ಹನ್ನೊಂದು ಗಂಟೆ ನಲವತ್ತಕ್ಕೆ ಎಲ್ಲರೂ ಅಂಗಳದಲ್ಲಿದ್ದೆವು. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತರು, ಅಲ್ಲಿ ಚಪ್ಪಲಿ ಹಾಕಿ ಯಾರೂ ನಡೆಯುವುದಿಲ್ಲ. ನಾನು ಟೇಪಿನ ಒಂದು ತುದಿ ಗಳದ ಬುಡಕ್ಕೆ ಹಿಡಿದೆ, ಇಂಜಿನಿಯರ್ ಇನ್ನೊಂದು ತುದಿಯನ್ನು ನೆರಳಿನ ಕೊನೆಗೆ. ಉತ್ತರಕ್ಕೆ ಹನ್ನೆರಡು ಅಡಿ. ಅದು ಅಕ್ಕನ ಚಾಪೆಯ ಆಚೆ ಅಂಚು.

ಅಕ್ಕ ಕೂತಲ್ಲಿಂದ ಏಳಲಿಲ್ಲ. ಮಗುಚಿ ಹಾಕುತ್ತಿದ್ದ ತಾರ್ಲೆ ಮೀನನ್ನು ಮಗುಚುತ್ತಲೇ ಇದ್ದಳು.

"ಅಕ್ಕ," ಎಂದ ಅಧ್ಯಕ್ಷ, ಆದಷ್ಟು ಮೆತ್ತಗೆ, "ಊರಿಗೆ ಒಳ್ಳೆದಾಗೂ ಕೆಲಸ. ಕಲ್ಲಿದ್ದಲು ಸುಡೂದು ಕಮ್ಮಿ ಆಗ್ಬೇಕು ಅಂತ ನಿಮ್ಮ ತಮ್ಮನೇ ಹೇಳ್ತಾರೆ. ನೀವು ಹನ್ನೊಂದು ಜನ ಸ್ವಲ್ಪ ಜಾಗ ಬದಲಿಸಿದ್ರೆ ಆತು."

"ಆತು. ಎಲ್ಲಿಗೆ ಬದಲಿಸೂದು?"

"ನೋಡುವ."

"ನಾನೇ ಹೇಳ್ತೆ. ಕಾರ್ಖಾನೆ ಎದುರಿಗೆ ಲಾರಿ ನಿಲ್ಲೂ ಜಾಗ ಅದೆ. ಬಿಸಿಲು ಚೊಲೊ ಬೀಳ್ತದೆ. ನಂಗೆ ಬುಟ್ಟಿ ಹೊರೂ ದೂರನೂ ಕಮ್ಮಿ. ಅದನ್ನ ಕೊಡು."

"ಲಾರಿ ಎಲ್ಲಿ ತಿರುಗ್ಸೂದು ಅಕ್ಕ?"

"ನೋಡುವ," ಎಂದಳು ಅಕ್ಕ.

ಸಾಲಿನ ಹೆಂಗಸರು ಬಾಯಿಗೆ ಸೆರಗು ಹಿಡಿದರು. ಅಧ್ಯಕ್ಷ ನಗಲಿಲ್ಲ, ಸಿಟ್ಟನ್ನೂ ತೋರಿಸಲಿಲ್ಲ. ಒಂಬತ್ತು ಜನ ಒಬ್ಬರ ಮುಖ ಒಬ್ಬರು ನೋಡಿದರು. ಲಾರಿ ಜಾಗ ಬಿಡಲು ಒಬ್ಬರಿಗೂ ಮನಸ್ಸಿಲ್ಲವೆಂಬುದು ಯಾರೂ ಹೇಳದೆಯೇ ಗೊತ್ತಾಯಿತು. ಎಂಬತ್ತು ಅಡಿ ಚಪ್ಪರಕ್ಕೆ ನಮ್ಮ ಕೇರಿಯಲ್ಲಿ ಬೇರೆ ಜಾಗವಿಲ್ಲ. ಕಾರ್ಖಾನೆಯ ಮೇಲಿನದು ಹಳೆಯ ಸಿಮೆಂಟ್ ಶೀಟು, ಕಾಗೆ ಕೂತರೆ ಸದ್ದು ಮಾಡುತ್ತದೆ.

"ಹಾಗಾದ್ರೆ ಜಾಲಿಯವರಿಗೆ ಹೋಗ್ಲಿ," ಎಂದ ಅಧ್ಯಕ್ಷ. "ಅಣ್ಣ, ಇದು ನಿಮ್ಮ ಕೈಯಾರೆ ಆದದ್ದು."

ನಾನು ಬಗ್ಗಿ ಟೇಪು ಸುತ್ತತೊಡಗಿದೆ.

ಆಗ ಮಾತಾಡಿದವನು ಆಪರೇಟರ್. ಅವನು ಖುಷಿಪಡುತ್ತಾನೆ ಎಂದುಕೊಂಡಿದ್ದೆ. ಅವನು ಹರಾಜು ಕಟ್ಟೆಯ ಕಡೆ ಗಲ್ಲ ಎತ್ತಿ ತೋರಿಸಿದ. "ಅದರ ಮೇಲೆ ಆಗೂದಿಲ್ವಾ? ಅದು ಕಾಂಕ್ರೀಟು. ನೆರಳು ಬಿದ್ರೆ ರಸ್ತೆ ಮೇಲೆ ಬೀಳ್ತದೆ."

"ನೀನು ಬೇಡ ಅಂದವನಲ್ದಾ?" ಎಂದರು ಯಾರೋ.

"ಈಗಲೂ ಬೇಡವೇ. ಆದ್ರೆ ಮಾವ ತಪ್ಪು ಒಪ್ಕಂಡಾತು. ನಂಗಿನ್ನು ಬೈಯೂಕೆ ಎಂತ ಉಳೀತು?"

ಇಂಜಿನಿಯರ್ ಕಟ್ಟೆಯ ಉದ್ದವನ್ನು ಹೆಜ್ಜೆಯಲ್ಲಿ ಅಳೆದು, ಮರಳಿನ ಮೇಲೆ ಕೂತು ಲೆಕ್ಕ ಹಾಕಿದಳು. ಹತ್ತು ನಿಮಿಷ ಬೇಕಾಯಿತು. "ಮೂರನೇ ಒಂದು ಪಾಲು ಪ್ಯಾನೆಲ್ ಕೂಡ್ತಾವ್ರಿ. ಅದರೊಳಗ ನೀರಿನ ಪಂಪು, ದೀಪ, ಹರಾಜಿನ ಕೊಠಡಿ ನಡೀತಾವ. ಮಂಜುಗಡ್ಡೆ ಕಟ್ಟೋ ದೊಡ್ಡ ಕಂಪ್ರೆಸರ್ ಲೈನಿನ ಕರೆಂಟಿನ ಮ್ಯಾಲೇ ಇರ್ತದ್ರಿ. ಅರ್ಜಿ ಅದೇ, ಜಾಗ ಬ್ಯಾರೆ ಬರೀಬಹುದು. ಆದ್ರ ಹೊಸ ಅಳತೆ ಇವತ್ತೇ ಬೇಕು, ಐದರ ಒಳಗ."

ಲೈನಿನ ಕರೆಂಟು ಎಂದರೆ ಎಲ್ಲೋ ಒಂದು ಚಿಮಣಿ. ಆ ಚಿಮಣಿಯ ಕೆಳಗೆ ಯಾರೋ ಒಬ್ಬ ಗಂಟೆಗೊಮ್ಮೆ ಮೀಟರು ನೋಡಿ ಬರೆಯುತ್ತಿರುತ್ತಾನೆ. ಅವನ ಹೆಂಡತಿ ಹಪ್ಪಳವನ್ನು ಒಳಗೆ ತರುತ್ತಿರುತ್ತಾಳೆ. ನಮ್ಮ ಮಂಜುಗಡ್ಡೆಗೆ ಅದು ತಪ್ಪುತ್ತದೆ ಎಂದು ಎರಡು ವರ್ಷ ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಈಗ ಪಂಪು ಮತ್ತು ದೀಪಕ್ಕೆ ಬಂದು ನಿಂತಿತು. ನನ್ನ ಮುಖದಲ್ಲಿ ಏನು ಕಂಡಿತೋ, ಅಕ್ಕ ಕೈಯಲ್ಲಿದ್ದ ಮೀನನ್ನು ಕೆಳಗಿಟ್ಟಳು.

"ತಮಾ, ಇಲ್ಲಿ ಕೂತು ದುಃಖ ಮಾಡ್ಬೇಡ. ಬೆಳಿಗ್ಗೆ ತಿಂಡಿನೂ ತಿಂದಿಲ್ಲ ಅಂತೆ. ಹೋಗಿ ಗಂಜಿ ಉಂಡ್ಕಂಡು ಬಾ. ಆಮೇಲೆ ಅಳಿ."

ಮಧ್ಯಾಹ್ನ ಎರಡೂವರೆಗೆ ಸಭೆ ಮತ್ತೆ ಸೇರಿತು. ಕೈ ಎತ್ತಿಸಿದರು. ಕಟ್ಟೆಯ ಛಾವಣಿಗೆ ಐದು, ಯೋಜನೆಯನ್ನೇ ಬಿಡುವುದಕ್ಕೆ ಮೂರು. ಅಧ್ಯಕ್ಷ ಯಾವುದಕ್ಕೂ ಎತ್ತಲಿಲ್ಲ. ಸಭೆ ಮುಗಿದ ಮೇಲೆ ನನ್ನ ಪಕ್ಕದಲ್ಲಿ ಹಾದುಹೋಗುತ್ತಾ, "ಈ ಸಲ ಅಳೆಯೂ ಮೊದಲು ಅಕ್ಕನನ್ನ ಕೇಳ್ಕಂಡು ಮೇಲೆ ಹತ್ತಿ" ಎಂದ. ಕುಟುಕಲು ಹೇಳಿದ್ದು. ನಾನು ಅದನ್ನು ಸೂಚನೆಯೆಂದೇ ತೆಗೆದುಕೊಂಡೆ. ಅಂಗಳಕ್ಕೆ ಹೋಗಿ ಕೇಳಿದೆ.

ಅಕ್ಕ ಕಣ್ಣಿಗೆ ಕೈ ಅಡ್ಡ ಹಿಡಿದು ಕಟ್ಟೆಯ ಮೇಲುಗಡೆ ನೋಡಿದಳು. "ಮಳೆಗಾಲ ಮುಗಿದ ಮೇಲೆ ಸೂರ್ಯ ಅಗೋ ಆ ತೆಂಗಿನ ಹಿಂದೆ ಇಳೀತಾನೆ. ಮೂರೂವರೆ ಆದ್ಮೇಲೆ ಕಟ್ಟೆಯ ಪಡು ಮೂಲೆಯಾಗೆ ಬಿಸಿಲಿಲ್ಲ. ನಮ್ಮ ಬುಟ್ಟಿ ಅದರ ಬುಡದಾಗೆ ಇಡೂದೇ ಅದಕ್ಕೆ, ತಂಪಿರ್ತದೆ. ಆ ಮೂಲೆ ಬಿಟ್ಟು ಹಾಕ್ಲಿ."

ಮೂರು ಗಂಟೆ ಹತ್ತು ನಿಮಿಷಕ್ಕೆ ಕಾರ್ಖಾನೆಯಿಂದ ಏಣಿ ತಂದು ಛಾವಣಿಗೆ ಹತ್ತಿದೆ. ಆಪರೇಟರ್ ಕೆಳಗೆ ಏಣಿ ಹಿಡಿದ. ಇಂಜಿನಿಯರ್ ನನ್ನ ಹಿಂದೆ ಬಂದಳು. ಮೇಲೆ ಹಕ್ಕಿಯ ಹಿಕ್ಕೆ, ಹರಿದ ಬಲೆಯ ತುಂಡುಗಳು, ಮಳೆನೀರು ನಿಂತು ಒಣಗಿದ ಕಲೆ. ಮೊದಲು ಗುಡಿಸಿದೆವು. ಆಮೇಲೆ ಉದ್ದ, ಅಗಲ, ಕೈಗೋಡೆಯ ಎತ್ತರ. ಮೂರು ಗಂಟೆ ಮೂವತ್ತೈದಕ್ಕೆ ತೆಂಗಿನ ನೆರಳು ಪಶ್ಚಿಮದ ಮೂಲೆಯನ್ನು ಹಿಡಿಯಿತು. ನಾಲ್ಕಕ್ಕೆ ಎಲ್ಲಿಗೆ ಬಂತೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಇಂಜಿನಿಯರ್ ತನ್ನ ನಕ್ಷೆಯಲ್ಲಿ ಆ ಮೂಲೆಯ ನಾಲ್ಕು ಪ್ಯಾನೆಲ್ ತೆಗೆದಳು.

"ಏಪ್ರಿಲ್‌ನಾಗ ಹೆಂಗಿರ್ತದ್ರಿ ಅಜ್ಜಾರ?" ಎಂದು ಕೇಳಿದಳು.

"ಗೊತ್ತಿಲ್ಲ. ಏಪ್ರಿಲ್‌ನಲ್ಲಿ ಮತ್ತೆ ಅಳೀತೇನೆ. ಹಾಗೆಂದೇ ಬರೆಯಿರಿ."

ಹಾಳೆಯ ಕೆಳಗೆ ಹಾಗೆಯೇ ಬರೆದಳು. ಅಳತೆ ಡಿಸೆಂಬರ್ ತಿಂಗಳದು ಮಾತ್ರ, ಬೇಸಿಗೆಯ ಅಳತೆ ಬಾಕಿ, ಸ್ಥಳ ಬಳಸುವ ಹೆಂಗಸರನ್ನು ಕೇಳಲಾಗಿದೆ. ಕೊನೆಯ ಮಾತಿಗೆ ಅರ್ಜಿಯಲ್ಲಿ ಜಾಗವಿರಲಿಲ್ಲ, ಅಂಚಿನಲ್ಲಿ ಬರೆಯಬೇಕಾಯಿತು. ನಾಲ್ಕು ಗಂಟೆ ಮೂವತ್ತೆರಡಕ್ಕೆ ಇಬ್ಬರೂ ಸಹಿ ಹಾಕಿದೆವು. ಅವಳು ಅಲ್ಲೇ ಕೈಗೋಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಅರ್ಜಿ ಕಳಿಸಿದಳು. ನೆಟ್‌ವರ್ಕ್ ಎರಡು ಸಲ ಕಡಿಯಿತು. ಮೂರನೆಯ ಸಲ, ಐದಕ್ಕೆ ಎಂಟು ನಿಮಿಷ ಇರುವಾಗ, ಹೋಯಿತು. ಸಹಾಯಧನ ಸಿಗುತ್ತದೋ ಇಲ್ಲವೋ ತಿಂಗಳು ಕಳೆದ ಮೇಲೆ ತಿಳಿಯುವುದು.

ಕೆಳಗೆ ಅಂಗಳದಲ್ಲಿ ಹೆಂಗಸರು ಮಂಜು ಬೀಳುವ ಮೊದಲು ಮೀನು ಬಾಚಿ ಬುಟ್ಟಿಗೆ ತುಂಬುತ್ತಿದ್ದರು. ದಕ್ಷಿಣದ ಎರಡು ಸಾಲಿನವರು ಎಂದಿನಂತೆ ಎಲ್ಲರಿಗಿಂತ ಕೊನೆಗೆ. ಅಕ್ಕ ಒಂದು ಶೆಟ್ಲಿಯನ್ನು ಮುರಿದು ನೋಡಿ, ಬುಟ್ಟಿಗೆ ಹಾಕಿದಳು.

ನಾನು ಟೇಪು ಸುತ್ತಿದೆ, ಪೊರಕೆ ಕೆಳಗೆ ಕೊಟ್ಟೆ, ಇಂಜಿನಿಯರನ್ನು ಮೊದಲು ಇಳಿಸಿ ಆಮೇಲೆ ಇಳಿದೆ. ಏಣಿಯ ಒಂದು ತುದಿ ನಾನು, ಇನ್ನೊಂದು ತುದಿ ಆಪರೇಟರ್ ಹಿಡಿದು ಕಾರ್ಖಾನೆಗೆ ಒಯ್ದೆವು. ಐದು ಗಂಟೆ ಹದಿನೈದಕ್ಕೆ ಅದನ್ನು ಹಿಂದಿನ ಗೋಡೆಯ ಎರಡು ಕೊಕ್ಕೆಗಳಿಗೆ ನೇತುಹಾಕಿದೆವು.